ವೈಫೈಗೆ ಅಡ್ಡ ನಿಂತವರು

ಮೇಷ್ಟ್ರ ವಿದ್ಯೆ ಮೇಷ್ಟ್ರ ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ ಎಂಬುದು ನನ್ನ ಅನುಭವ. ಪಾಂಡವಪುರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ವಿದ್ಯುತ್ತಿನ ಪಾಠವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ. ಆದರೆ ಮನೆಯಲ್ಲಿ ಫ್ಯೂಸು ಹೋದರೆ ಕುರ್ಚಿ ಹತ್ತುವವಳು ಕನ್ನಡ ಎಂ.ಎ. ಮಾಡಿರುವ ನನ್ನ ಹೆಂಡತಿ ಸುನಂದಾ. ನಾನು ಕೆಳಗೆ ನಿಂತು ಟಾರ್ಚು ಹಿಡಿಯುತ್ತೇನೆ. ಅದನ್ನೂ ನೆಟ್ಟಗೆ ಹಿಡಿಯುವುದಿಲ್ಲ ಎಂದು ಅವಳ ದೂರು. ಹಿಂದೊಮ್ಮೆ ಕುಕ್ಕರು ಕೂಗದೆ ಮುನಿಸಿಕೊಂಡಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಆವಿಗೂ ಒತ್ತಡಕ್ಕೂ ಇರುವ ಸಂಬಂಧವನ್ನು ವಿವರವಾಗಿ ತಿಳಿಸಿದ್ದೆ. ಆ ದಿನ ನಾವು ಮಧ್ಯಾಹ್ನದ ಊಟವನ್ನು ನಾಲ್ಕೂವರೆಗೆ ಮಾಡಿದೆವು. ಇಂಥವನ ಮನೆಗೆ ವೈಫೈ ಬಂತು.

ಕ್ಯಾತನಹಳ್ಳಿಯ ನಮ್ಮ ಮನೆಯಲ್ಲಿ ಟಿ.ವಿ. ಇರುವುದು ಅವ್ವನ ಕೋಣೆಯಲ್ಲಿ. ಅವಳಿಗೆ ಮಂಡಿನೋವು ಜೋರಾದ ಮೇಲೆ ಮಂಚದಿಂದಲೇ ನೋಡಲಿ ಎಂದು ಹಜಾರದಿಂದ ಅಲ್ಲಿಗೆ ಸಾಗಿಸಿದ್ದೆವು. ಅದರ ಬೆನ್ನಿಗೆ ಹೆಬ್ಬೆರಳು ಗಾತ್ರದ ಒಂದು ಕಡ್ಡಿಯನ್ನು ಸಿಕ್ಕಿಸಿದರೆ ಮೊಬೈಲಿನಲ್ಲಿ ಬರುವುದೆಲ್ಲ ಟಿ.ವಿ.ಯಲ್ಲಿ ದೊಡ್ಡದಾಗಿ ಬರುತ್ತದೆಂದು ಮಗಳು ಚೈತ್ರ ಅದನ್ನು ತಂದು ಸಿಕ್ಕಿಸಿ ಹೋಗಿದ್ದಳು. ಅವಳು ಮೈಸೂರಿನಲ್ಲಿ ಓದುತ್ತ ಕಾಲೇಜಿನ ಕಬಡ್ಡಿ ತಂಡದಲ್ಲಿ ಆಡುತ್ತಾಳೆ. ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅವ್ವ ಮಾತ್ರ ಅವಳ ಒಂದೇ ಒಂದು ಆಟವನ್ನೂ ನೋಡಿರಲಿಲ್ಲ. ಬಸ್ಸು ಹತ್ತುವಂತಿಲ್ಲ, ಮೊಬೈಲಿನಲ್ಲಿ ತೋರಿಸಿದರೆ ಪೊರೆ ಬಂದ ಕಣ್ಣಿಗೆ ಎಲ್ಲರೂ ಇರುವೆಗಳು. ಹಾಗಾಗಿ ಈ ಸಲ ಹುಬ್ಬಳ್ಳಿಯಲ್ಲಿ ನಡೆಯುವ ಪಂದ್ಯಗಳನ್ನು ನೇರವಾಗಿ ಇಂಟರ್‌ನೆಟ್ಟಿನಲ್ಲಿ ತೋರಿಸುತ್ತಾರೆ ಎಂದು ತಿಳಿದಾಗ ಅವ್ವ ಹೊಸ ಸೀರೆ ಉಟ್ಟು ಮಂಚದ ಮೇಲೆ ಕೂತಳು.

ಸೆಮಿಫೈನಲ್ಲು. ಚೈತ್ರ ಗೆರೆ ದಾಟಿ ನುಗ್ಗಿದಳು, ಬಲಗಾಲು ಎತ್ತಿದಳು. ಎತ್ತಿದ ಕಾಲು ಎತ್ತಿದಂತೆಯೇ ನಿಂತು, ಪರದೆಯ ನಡುವೆ ಒಂದು ಚಕ್ರ ತಿರುಗತೊಡಗಿತು. ನಾವು ಮೂವರೂ ಆ ಚಕ್ರವನ್ನೇ ನೋಡಿದೆವು. ಚಿತ್ರ ಮರಳಿ ಬಂದಾಗ ಎರಡೂ ತಂಡದವರು ನೀರು ಕುಡಿಯುತ್ತಿದ್ದರು.

“ಏನ್ಲಾ ಮಗ, ಮಗೀನ ಇಡ್ಕಂಬುಟ್ರಾ?” ಎಂದಳು ಅವ್ವ.

“ಗೊತ್ತಿಲ್ಲ ಕಣವ್ವ.”

“ಮೇಷ್ಟ್ರಾಗಿ ಅಷ್ಟೂ ಗೊತ್ತಾಗಕಿಲ್ವಾ ನಿಂಗೆ?”

ಗೆದ್ದೆವೆಂದು ಸಂಜೆ ಚೈತ್ರಳೇ ಫೋನು ಮಾಡಿ ಹೇಳಿದಳು. ಮುಂದಿನ ಭಾನುವಾರ ಮೂರು ಗಂಟೆಗೆ ಫೈನಲ್ಲು. ಅವ್ವ ಫೋನಿಟ್ಟು ನನ್ನ ಕಡೆ ತಿರುಗಿ, “ಭಾನ್ವಾರದ್ ಗಂಟ ನಾನಂತೂ ಇರ್ತೀನಿ ಬುಡು. ಅಷ್ಟ್ರೊಳಗೆ ಅದ್ನ ಸರಿ ಮಾಡ್ಸು” ಎಂದಳು. ನನಗೆ ಆ ಮಾತು ಎಲ್ಲಿಗೋ ತಾಗಿತು. ಎಂಬತ್ತು ದಾಟಿದವಳು ನನ್ನನ್ನು ಕೇಳಿದ್ದು ಇದೊಂದೇ.

ನನಗೆ ಗೊತ್ತಿದ್ದ ರಿಪೇರಿ ಒಂದೇ, ಆರಿಸಿ ಮತ್ತೆ ಹಾಕುವುದು. ಸೋಮವಾರದಿಂದ ಬುಧವಾರದವರೆಗೆ ರೂಟರನ್ನು ಆರಿಸಿದೆ, ಹಾಕಿದೆ. ಕಡ್ಡಿಯನ್ನು ಕಿತ್ತೆ, ಊದಿದೆ, ಪಂಚೆಯ ತುದಿಯಲ್ಲಿ ಒರೆಸಿದೆ, ಸಿಕ್ಕಿಸಿದೆ. ಚಕ್ರ ಇನ್ನೂ ಲವಲವಿಕೆಯಿಂದ ತಿರುಗಿತು. ಗುರುವಾರ ಕೇಬಲ್ಲಿನ ಶಿವಣ್ಣನಿಗೆ ಹೇಳಿಕಳಿಸಿದೆ. ಆತ ಮನೆಯ ಮುಂದಿನ ಕಂಬ ಹತ್ತಿ, ಅಲ್ಲಿನ ಡಬ್ಬಿ ತೆಗೆದು ನೋಡಿ, ಕಂಬದ ಮೇಲಿಂದಲೇ ತೀರ್ಪು ಕೊಟ್ಟ: “ಲೈನು ಸರ್ಯಾಗೇ ಅದೆ ಮೇಷ್ಟ್ರೇ. ನಿಮ್ಮನೆ ಒಳ್ಗೇ ಏನೋ ಅಡ್ಡ ಅದೆ.” ರೋಗಿಯ ನಾಡಿ ಹಿಡಿಯದೆ ಔಷಧ ಹೇಳುವವರನ್ನು ನಾನು ನಂಬುವುದಿಲ್ಲ. ಕೆಳಗಿಳಿದು ಒಳಗೆ ಬಾರಪ್ಪ ಎನ್ನುವಷ್ಟರಲ್ಲಿ ಅವನ ಬೈಕು ಚಿನಕುರಳಿಯ ಕಡೆ ಹೊರಟುಹೋಗಿತ್ತು.

ಅಡ್ಡ ಎಂದರೆ ಯಾರು ಅಡ್ಡ ಎಂದು ಯೋಚಿಸುತ್ತ ಜಗಲಿಗೆ ಬಂದೆ. ಅಲ್ಲಿ ಎಂದಿನಂತೆ ಏಳೆಂಟು ಮಂದಿ ಗಂಡಸರು ಕೂತಿದ್ದರು. ಇವರ ವಿಷಯ ಸ್ವಲ್ಪ ಹೇಳಬೇಕು. ಕೆಲವು ತಿಂಗಳಿಂದ ಡೈರಿಗೆ ಹಾಲು ಹಾಕಿದವರು ಖಾಲಿ ಕ್ಯಾನು ಪಕ್ಕಕ್ಕಿಟ್ಟು ನಮ್ಮ ಜಗಲಿಯಲ್ಲಿ ಕೂರುವುದು ರೂಢಿಯಾಗಿತ್ತು. ಗಲಾಟೆಯಿಲ್ಲ, ಬೀಡಿಯಿಲ್ಲ, ರಾಜಕೀಯವಿಲ್ಲ. ತಲೆ ತಗ್ಗಿಸಿ ಕೂತಿರುತ್ತಿದ್ದರು. ಊರಿನಲ್ಲಿ ಮೇಷ್ಟ್ರ ಮೇಲೆ ಇನ್ನೂ ಇಷ್ಟು ಗೌರವ ಉಳಿದಿದೆಯಲ್ಲ ಎಂದು ನಾನು ಒಳಗೊಳಗೇ ಹಿಗ್ಗಿ, ಶಾಲೆಯ ಸ್ಟಾಫ್ ರೂಮಿನಲ್ಲೂ ಒಂದೆರಡು ಸಲ ಹೇಳಿಕೊಂಡಿದ್ದೆ. ಈಗ ಮೊದಲ ಬಾರಿಗೆ, ಅವರು ತಲೆ ತಗ್ಗಿಸಿ ಏನು ನೋಡುತ್ತಿದ್ದಾರೆಂದು ಬಗ್ಗಿ ನೋಡಿದೆ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲ ಮೊಬೈಲಿನಲ್ಲೂ ನಮ್ಮ ಮನೆಯ ವೈಫೈ.

ಪಾಸ್‌ವರ್ಡು ಹಂಚಿದವಳು ಅವ್ವ. ಚೈತ್ರ ಒಂದು ಚೀಟಿಯಲ್ಲಿ ಬರೆದು ಅವಳ ದಿಂಬಿನ ಕೆಳಗೆ ಇಟ್ಟಿದ್ದಳಂತೆ. ಕೇಳಿದವರಿಗೆಲ್ಲ ಅವ್ವ ಚೀಟಿ ತೋರಿಸಿದ್ದಾಳೆ. ನಾನು ರೇಗಿದೆ. ಅವ್ವ ಜಗ್ಗಲಿಲ್ಲ. “ಎಪ್ಪು ಕೇಳ್ಕಂಡು ಬಂದೋರ್ಗೆ ಇಲ್ಲ ಅನ್ನಕಾಯ್ತದಾ? ಒಂದ್ ಚಮಚ ಕೊಟ್ರೆ ನಮ್ ಮೊಸರೇನು ಕಮ್ಮಿ ಆಯ್ತದಾ?” ಎಂದಳು. ಹಾಲಿಗೆ ಹೆಪ್ಪು ಹಾಕಲು ಮೊಸರು ಕೇಳಿ ಬಂದವರನ್ನು ನಮ್ಮ ಬೀದಿಯಲ್ಲಿ ಯಾರೂ ಬರಿಗೈಲಿ ಕಳಿಸುವುದಿಲ್ಲ, ನಿಜ. ಆದರೆ ಇಲ್ಲಿ ಬೀದಿಯವರೆಲ್ಲ ನಮ್ಮ ಗಡಿಗೆಯಲ್ಲೇ ಮಜ್ಜಿಗೆ ಕಡೆಯುತ್ತಿದ್ದರು. ಅಂದೇ ಪಾಸ್‌ವರ್ಡು ಬದಲಾಯಿಸಿದೆ. ಮಾರನೆಯ ಬೆಳಿಗ್ಗೆ ಜಗಲಿ ಬರಿದಾಗಿತ್ತು. ಎದುರಿಗೆ ಸಿಕ್ಕವರು ನಮಸ್ಕಾರವನ್ನೂ ಮರೆತಿದ್ದರು. ಚಕ್ರ ಮಾತ್ರ ಏನನ್ನೂ ಮರೆಯದೆ ತಿರುಗುತ್ತಿತ್ತು.

ಶನಿವಾರ ಪವಾಡವೊಂದು ನಡೆಯಿತು. ನಾನು ಟಿ.ವಿ.ಯ ಹಿಂದೆ ಕೈ ಹಾಕಿ ಕಡ್ಡಿಯನ್ನು ಸ್ವಲ್ಪ ತಿರುಚಿದ್ದೇ ತಡ, ಚಿತ್ರ ಕನ್ನಡಿಯಂತೆ ಬಂದು ನಿಂತಿತು. ಅರ್ಧ ಗಂಟೆ, ಒಂದು ಗಂಟೆ; ಚಕ್ರದ ಸುಳಿವಿಲ್ಲ. “ನೋಡವ್ವ, ಎಲ್ಲ ಕೋನದ ಮಹಿಮೆ” ಎಂದು ಹೇಳಿ ಹಿತ್ತಲಿಗೆ ಬಂದೆ. ಅಲ್ಲಿ ಸುನಂದಾ ನನ್ನ ಹಿತ್ತಾಳೆ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು.

ನಮ್ಮ ಕಡೆ ಮೇಷ್ಟ್ರಿಗೆ ಸನ್ಮಾನವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಮತ್ತು ಹೆಸರು ಕೆತ್ತಿದ ಮೊರದಗಲ ಹಿತ್ತಾಳೆ ತಟ್ಟೆ. ಹಣ್ಣನ್ನು ಅಂದೇ ತಿನ್ನುತ್ತೇವೆ, ಶಾಲು ಅವ್ವನ ಚಳಿಗೆ ಹೋಗುತ್ತದೆ, ತಟ್ಟೆ ಹಜಾರದ ಶೋಕೇಸಿಗೆ. ಕೆ.ಆರ್. ಪೇಟೆಯಲ್ಲಿ ಕೊಟ್ಟದ್ದು, ದೇವಲಾಪುರದ್ದು, ಶ್ರೀರಂಗಪಟ್ಟಣದ್ದು ಎಂದು ನನ್ನವು ಐದು, ಎಲ್ಲದರ ಮೇಲೂ ‘ಉತ್ತಮ ವಿಜ್ಞಾನ ಶಿಕ್ಷಕ’ ಎಂದಿದೆ. ಫೈನಲ್ಲು ನೋಡಲು ನಾಗಮಂಗಲದಿಂದ ನನ್ನ ಷಡ್ಡಕ ರಾಮೇಗೌಡರು ಬರುವವರಿದ್ದರು. ಅವರು ಬಂದಾಗಲೆಲ್ಲ ತಮ್ಮ ಕಾರಿನ ವಿಷಯ ಹೇಳುತ್ತಾರೆ. ನಾನು ಎದ್ದು ಶೋಕೇಸಿನ ಲೈಟು ಹಾಕುತ್ತೇನೆ. ಅದಕ್ಕೇ ಈ ಉಜ್ಜಾಟ.

ಹೊಳೆಯುವ ತಟ್ಟೆಗಳನ್ನು ನಾನೇ ಒಯ್ದು ಜೋಡಿಸಿದೆ. ಕೋಣೆಯಿಂದ ಅವ್ವನ ದನಿ ಬಂತು: “ನಿಂತೋಯ್ತು ಕಣ್ಲಾ.” ಒಂದು ತಟ್ಟೆ ತೆಗೆದೆ. “ಬಂತು.” ಇಟ್ಟೆ. “ಓಯ್ತು.” ಶೋಕೇಸಿನ ಮುಂದೆ ತಟ್ಟೆ ಹಿಡಿದು ನಿಂತೇ ಬಿಟ್ಟೆ. ಹೊಸ ಬಣ್ಣದ ಗೋಡೆಗೆ ಮೊಳೆ ಹೊಡೆಯಬೇಡ, ವೈರು ಕಾಣಬಾರದು ಎಂದು ಶಿವಣ್ಣನಿಗೆ ಹೇಳಿ ರೂಟರನ್ನು ಶೋಕೇಸಿನೊಳಗೆ ಇಡಿಸಿದವನು ನಾನು. ಆ ಕರಿ ಡಬ್ಬಿ ಅಂದಗೆಡಿಸುತ್ತದೆಂದು ಅದರ ಮುಂದೆ ಐದೂ ತಟ್ಟೆಗಳನ್ನು ಗೋಡೆ ಕಟ್ಟಿದಂತೆ ನಿಲ್ಲಿಸಿದವನೂ ನಾನು. ಮೊಬೈಲನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು, ಲೋಹ ಅಡ್ಡ ಬಂದರೆ ತರಂಗ ದಾಟದು ಎಂದು ಪ್ರತಿವರ್ಷ ಹತ್ತನೇ ತರಗತಿಗೆ ತೋರಿಸಿ ಚಪ್ಪಾಳೆ ಗಿಟ್ಟಿಸುವವನೂ ನಾನೇ. ಆ ಪಾಠ ಚೆನ್ನಾಗಿ ಮಾಡಿದ್ದಕ್ಕೇ ಈ ತಟ್ಟೆಗಳು ಬಂದಿದ್ದವು. ನಾಚಿಕೆಯಾಯಿತು. ರೂಟರಿನ ಜಾಗ ಬದಲಿಸಿ ಹೊಸ ವೈರು ಎಳೆಯಲು ಶಿವಣ್ಣನಿಗೆ ಫೋನು ಮಾಡಿದರೆ, “ಮುಂದಿನ್ ವಾರ ಬತ್ತೀನಿ ಮೇಷ್ಟ್ರೇ” ಎಂದ.

ಭಾನುವಾರ ರಾಮೇಗೌಡರು ಬಂದಾಗ ನನ್ನ ತಟ್ಟೆಗಳು ಅವ್ವನ ಮಂಚದ ಕೆಳಗಿದ್ದವು. ಅವರು ಖಾಲಿ ಶೋಕೇಸು ನೋಡಿ, “ಮಾರ್ಬುಟ್ರಾ ಮೇಷ್ಟ್ರೇ?” ಎಂದರು. ಮೂರು ಗಂಟೆಗೆ ಚೈತ್ರ ಅಂಕಣಕ್ಕೆ ಇಳಿದಳು. ಎತ್ತಿದ ಕಾಲು ಈ ಸಲ ಇಳಿಯಿತು, ಇಬ್ಬರನ್ನು ಮುಟ್ಟಿತು, ಗೆರೆಗೆ ಮರಳಿತು. ಅವ್ವ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಎರಡು ಪಾಯಿಂಟಿನಲ್ಲಿ ಅವರ ತಂಡ ಸೋತಿತು. ಅವ್ವನ ಕಣ್ಣು ಒದ್ದೆಯಾಗಿತ್ತು, ನನ್ನದೂ ಹಾಗೇ. “ಅಪ್ಪನ್ ಅಂಗೆ ನಿಂತು ನೋಡ್ತಾ ಇರಲ್ಲ, ನುಗ್ತಾಳೆ” ಎಂದು ಅವ್ವ ರಾಮೇಗೌಡರಿಗೆ ಹೇಳಿದಳು. ನಾನು ಜಗಲಿಗೆ ಹೋಗಿ ಹೊಸ ಪಾಸ್‌ವರ್ಡಿನ ಚೀಟಿಯನ್ನು ಕಂಬಕ್ಕೆ ಅಂಟಿಸಿ ಬಂದೆ.

ಹತ್ತು ದಿನದ ನಂತರ ಚೈತ್ರ ಬಂದಳು. ಸೋತ ತಂಡದವಳಾದರೂ ಒಳ್ಳೆಯ ದಾಳಿ ಮಾಡಿದವಳೆಂದು ಅವಳಿಗೊಂದು ಬಹುಮಾನ ಕೊಟ್ಟಿದ್ದರು. ಚೀಲದಿಂದ ತೆಗೆದಳು. ಹಿತ್ತಾಳೆಯದೇ, ನನ್ನ ಯಾವ ತಟ್ಟೆಗಿಂತಲೂ ದೊಡ್ಡದು. ಶಿವಣ್ಣನ ಮುಂದಿನ ವಾರ ಇನ್ನೂ ಬಂದಿರಲಿಲ್ಲ. ನಾನು ಎರಡು ಕೈಯಲ್ಲೂ ಹಿಡಿದುಕೊಂಡು ಹೋಗಿ ಶೋಕೇಸಿನ ನಟ್ಟನಡುವೆ ಇಟ್ಟೆ. ಕೋಣೆಯಲ್ಲಿ ಅವ್ವನ ಧಾರಾವಾಹಿ ನಿಂತಿತು.

“ಲೇ ಮಗ, ಚಕ್ರ ಬಂತು ಕಣ್ಲಾ. ಇನ್ನೇನ್ಲಾ ಅಡ್ಡ?”

“ನಿನ್ ಮೊಮ್ಮಗಳ್ ತಟ್ಟೆ ಕಣವ್ವ.”

ಕೋಣೆಯಲ್ಲಿ ಅವ್ವನ ಮಂಚ ಕಿರುಗುಟ್ಟಿತು.

“ಅಂಗಾದ್ರೆ ಇರ್ಲಿ ಬುಡು. ನಿಂದೇನಾರ ಉಳ್ಕಂಡಿದ್ರೆ ತೆಗುದ್ ಆಕು.”

ಮೂಲೆಯಲ್ಲಿ, ಯಾರಿಗೂ ಕಾಣದಂತೆ, ದೇವಲಾಪುರದ್ದೊಂದನ್ನು ಮತ್ತೆ ತಂದು ಇಟ್ಟಿದ್ದೆ. ತೆಗೆದೆ.