ಹಾಫ್‌ಟೈಮಿನಲ್ಲಿ ಪೇಟ ತೊಡಿಸಿದವರಿಗೆ

ನೈರೋಬಿ, ನವೆಂಬರ್ ೨೦೦೬

ಕಿಜಾನಿ ಕಾಲೇಜಿನ ಫುಟ್‌ಬಾಲ್ ಉನ್ನತಿ ಸಮಿತಿಯ ಅಧ್ಯಕ್ಷರೂ, ಔಷಧ ಕಾರ್ಖಾನೆಯೊಂದರ ಜನರಲ್ ಮ್ಯಾನೇಜರರೂ, ಈ ಕ್ಷಣದಲ್ಲಿ ಮೈಸೂರು ಪೇಟ ಧರಿಸಿ, ಶಾಲು ಹೊದ್ದು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ನಮ್ಮ ಮೈದಾನದ ವೇದಿಕೆಯಲ್ಲಿ ಶೋಭಿಸುತ್ತಿರುವವರೂ ಆದ ಮಾನ್ಯ ಚಿದಾನಂದ ಅವರೇ, ಮತ್ತು ತಮ್ಮ ಎಡಬಲಗಳಲ್ಲಿ ಅದೇ ಅಲಂಕಾರದಲ್ಲಿ ಕುಳಿತಿರುವ ಸಮಿತಿಯ ಸಕಲ ಸದಸ್ಯರೇ,

ಮೊದಲಿಗೆ ತಮ್ಮೆಲ್ಲರ ಪೇಟಗಳಿಗೆ, ಆಮೇಲೆ ಅವುಗಳ ಕೆಳಗಿರುವ ತಮಗೆ, ನನ್ನ ಭಕ್ತಿಪೂರ್ವಕ ವಂದನೆಗಳು. ಸನ್ಮಾನಿತರ ಗುಣಗಾನವನ್ನು ಬಿನ್ನವತ್ತಳೆಯಾಗಿ ಬರೆಸಿ, ಗಾಜು ಹಾಕಿಸಿ, ಎಲ್ಲರ ಎದುರು ಓದಿ ಅರ್ಪಿಸುವುದು ನಮ್ಮವರ ಪದ್ಧತಿ. ತಮ್ಮ ಗುಣಗಳು ಒಂದು ಗಾಜಿನ ಅಳತೆಗೆ ಒಗ್ಗಲಿಲ್ಲವಾದ್ದರಿಂದ ಅದರ ಬದಲು ಈ ಬಹಿರಂಗ ಪತ್ರವನ್ನು ಮೈಕಿನಲ್ಲಿ ಓದುತ್ತಿದ್ದೇನೆ. ಪೇಟ ಕೊಂಚ ಬಿಗಿಯೆನಿಸಿದರೆ ದಯವಿಟ್ಟು ಸಹಿಸಿಕೊಳ್ಳಬೇಕು, ಫೋಟೋದವರು ಇನ್ನೂ ಹೋಗಿಲ್ಲ.

ನಾನು ಶಾಂತಾ, ಇದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಕಿಲೆಲೆಶ್ವಾದ ಬಾಡಿಗೆ ಫ್ಲ್ಯಾಟಿನಲ್ಲಿ ವಾಸಿಸುವವಳು, ಮತ್ತು ತಮ್ಮ ಬಲಗಡೆ ಮೂರನೆಯವರಾಗಿ ಕುಳಿತು ನನ್ನ ಕಡೆಗೆ ಕಣ್ಣು ಬಿಡುತ್ತಿರುವ ಲಕ್ಷ್ಮೀಶ ಅವರ ಧರ್ಮಪತ್ನಿ. ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ಈ ಕಾಲೇಜಿನ ಫುಟ್‌ಬಾಲ್ ತಂಡದ ಅಭಿಮಾನಿ. ಈ ಊರಿಗೆ ಬಂದ ಹೊಸತರಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಲು ಒಬ್ಬನಿಗೆ ಮಾತ್ರ ಏಕೆ ಅನುಮತಿ, ಉಳಿದವರು ಮಾಡಿದ ತಪ್ಪೇನು ಎಂದು ಕೇಳಿ ನಗೆಪಾಟಲಾದವಳು ನಾನೇ. ಈಗ ನಮ್ಮವರ ಗೋಲನ್ನು ರೆಫರಿ ಇಲ್ಲವೆಂದರೆ ನನಗೆ ರಾತ್ರಿ ಊಟ ಸೇರುವುದಿಲ್ಲ.

ನಮ್ಮ ತಂಡ ಮಧ್ಯಮ ದರ್ಜೆಯದು. ಈ ಮಾತನ್ನು ತಾವು ಬೈಗುಳದ ಹಾಗೆ ಉಚ್ಚರಿಸುವುದನ್ನು ಕೇಳಿದ್ದೇನೆ, ಆದರೆ ನನಗೆ ಅದು ಬಹಳ ಮರ್ಯಾದೆಯ ಜಾಗವಾಗಿ ಕಾಣುತ್ತದೆ. ಕೆಳಗಿನವರು ನಮಗೆ ಹೆದರುತ್ತಾರೆ, ಮೇಲಿನವರು ನಮ್ಮ ಮೈದಾನಕ್ಕೆ ಬರುವಾಗ ಗೊಣಗುತ್ತಾರೆ, ಏಕೆಂದರೆ ನಮ್ಮ ಮೈದಾನ ಗೇಟಿನಿಂದ ನೀರಿನ ಟ್ಯಾಂಕಿನ ಕಡೆಗೆ ಇಳಿಜಾರು. ಒಂದು ಅವಧಿ ಏರಿನಲ್ಲಿ ಏದುಸಿರು ಬಿಡುತ್ತ ಆಡಬೇಕು, ಇನ್ನೊಂದು ಅವಧಿಯಲ್ಲಿ ಚೆಂಡು ತಾನಾಗಿಯೇ ಎದುರಾಳಿಯ ಗೋಲಿನ ಕಡೆ ಉರುಳುತ್ತದೆ. ಮೊದಲು ಏರು, ಆಮೇಲೆ ಇಳಿಜಾರು ಸಿಕ್ಕಿದ ದಿನ ನಮ್ಮವರು ಸೋತದ್ದನ್ನು ನಾನು ಅಷ್ಟಾಗಿ ಕಂಡಿಲ್ಲ.

ಈ ತಂಡವನ್ನು ಕಟ್ಟಿದವರು ಮಂಗಳೂರಿನ ವಲೇರಿಯನ್ ಮಾಸ್ತರರು, ನಮ್ಮ ದೈಹಿಕ ಶಿಕ್ಷಣದ ಅಧ್ಯಾಪಕರು. ಅವರು ಬರುವ ಮೊದಲು ನಮ್ಮಲ್ಲಿ ತಂಡ ಎಂದರೆ ಪಂದ್ಯದ ದಿನ ಬೆಳಿಗ್ಗೆ ಹಾಸ್ಟೆಲಿನಲ್ಲಿ ಎಚ್ಚರವಾಗಿ ಸಿಕ್ಕಿದವರು. ಅವರು ಅಂಥವರನ್ನೇ ಹಿಡಿದು, ಬೆಳಕು ಹರಿಯುವ ಮೊದಲೇ ಓಡಿಸಿ, ಪರೀಕ್ಷೆಯಲ್ಲಿ ನಪಾಸಾದವನು ಚೆಂಡು ಮುಟ್ಟುವಂತಿಲ್ಲ ಎಂದು ನಿಯಮ ಮಾಡಿ, ನನ್ನ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, "ಮೇಡಂ, ಇವನಿಗೆ ಆ ಲವಣದ್ದು ಇನ್ನೊಮ್ಮೆ ಹೇಳಿಕೊಡಿ ಮಾರಾಯ್ರೆ, ಶನಿವಾರ ನನಗೆ ಇವ ಬೇಕು" ಎಂದು ಕೇಳಿಕೊಂಡು ಈ ತಂಡ ಮಾಡಿದರು. ಯಾರಾದರೂ ಅವಸರ ಮಾಡಿದರೆ ಅವರ ಮಂಗಳೂರಿನ ರಾಗದಲ್ಲಿ ಸ್ವಾಹಿಲಿಯ "ಪೋಲೆ ಪೋಲೆ" ಎನ್ನುತ್ತಿದ್ದರು, ನಿಧಾನ ನಿಧಾನ ಎಂದು. ಹೆಪ್ಪು ಹಾಕಿದ ಪಾತ್ರೆಯನ್ನು ಗಳಿಗೆಗೊಮ್ಮೆ ಅಲ್ಲಾಡಿಸಿ ನೋಡಬಾರದು ಎನ್ನುವುದು ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಅವರಿಗೆ ಅದು ಮೈದಾನದಲ್ಲೂ ಗೊತ್ತಿತ್ತು.

ಹೀಗಿರಲು ಹೋದ ವರ್ಷ ನಮ್ಮ ತಂಡ ಮೊದಲ ಡಿವಿಷನ್ನಿನ ಒಂದು ಕಾಲೇಜಿನೊಡನೆ ಡ್ರಾ ಮಾಡಿಕೊಂಡಿತು, ಆ ಸುದ್ದಿ ಟ್ರಸ್ಟಿಗಳಲ್ಲಿ ಒಬ್ಬರಾದ ತಮ್ಮ ಕಿವಿಗೆ ಬಿತ್ತು, ಮತ್ತು ನಮ್ಮ ಪುಣ್ಯ ಉಕ್ಕಿ ಹರಿಯಿತು. ತಾವು ತಮ್ಮ ಭಾನುವಾರದ ಬಿಸಿಬೇಳೆಬಾತ್ ಕೂಟದವರನ್ನೇ ಸೇರಿಸಿ ಫುಟ್‌ಬಾಲ್ ಉನ್ನತಿ ಸಮಿತಿಯನ್ನು ರಚಿಸಿದಿರಿ. ಅದರಲ್ಲಿ ಫುಟ್‌ಬಾಲ್ ಆಡಿದವರು ಯಾರೂ ಇಲ್ಲದಿರುವುದರಿಂದ ಪಕ್ಷಪಾತಕ್ಕೆ ಅವಕಾಶವೇ ಇರಲಿಲ್ಲ. ಸಮಿತಿಯಿಂದ ಉಪಸಮಿತಿಗಳು ಹುಟ್ಟಿದವು. ಬ್ಯಾನರಿಗೊಂದು, ವೇದಿಕೆಗೊಂದು, ಉಪಾಹಾರಕ್ಕೊಂದು, ನನ್ನ ಯಜಮಾನರ ಪಾಲಿಗೆ ಗಣ್ಯರ ಪರಿಚಯ ಭಾಷಣದ ಉಪಸಮಿತಿ. ಮಾಸ್ತರರು ಕೇಳಿದ್ದು ಹೊಸ ಗೋಲುಬಲೆಗಳನ್ನು ಮಾತ್ರ. ಅವು ಬರಲಿಲ್ಲ, ಆದರೆ ಅವುಗಳ ಜಾಗದಲ್ಲಿ ತಮ್ಮ ಭಾವಚಿತ್ರವಿರುವ ಬ್ಯಾನರ್ ಬಂದು, ಚೆಂಡನ್ನು ಅಲ್ಲದಿದ್ದರೂ ಗಾಳಿಯನ್ನು ಚೆನ್ನಾಗಿ ತಡೆಯಿತು.

ಇನ್ನು ಆ ಶನಿವಾರದ ವಿಚಾರ. ಕರೆನ್ ಬಡಾವಣೆಯ ಕಡೆಯ ಕಾಲೇಜಿನ ಮೇಲೆ ಗೆದ್ದರೆ ನಾವು ಮೊದಲ ಡಿವಿಷನ್ನಿಗೆ ಏರುತ್ತಿದ್ದೆವು. ಕಾಲೇಜು ಹುಟ್ಟಿದಾಗಿನಿಂದ ಅಂಥ ದಿನ ಬಂದಿರಲಿಲ್ಲ. ಮೊದಲ ಅವಧಿಯಲ್ಲಿ ನಮಗೆ ಏರು ಬಿತ್ತು, ಆದರೂ ನಾಯಕ ಒಡುವೊರ್ ಒಂದು ಗೋಲು ಹೊಡೆದ. ಹಾಫ್‌ಟೈಮಿಗೆ ನಾವು ಮುಂದಿದ್ದೆವು ಮತ್ತು ಮುಂದೆ ಇಳಿಜಾರಿತ್ತು. ನಾನು ಪಕ್ಕದಲ್ಲಿ ಯಾರಿದ್ದಾರೆಂದು ನೋಡದೆ ಅಪ್ಪಿಕೊಂಡೆ, ಅವರು ಎದುರಾಳಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು.

ಆಗ ತಾವು ಮೈಕ್ ಹಿಡಿದಿರಿ. ಗಿಗಿರಿಯ ಯಾವುದೋ ಅಂತರರಾಷ್ಟ್ರೀಯ ಕಚೇರಿಯ ಅಧಿಕಾರಿಯೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆತಂದಿದ್ದ ಸಮಿತಿಯು ಹಾಫ್‌ಟೈಮಿನಲ್ಲಿ ಕಿರು ಸನ್ಮಾನವಿದೆಯೆಂದು ಘೋಷಿಸಿತು. ಕನ್ನಡಿಗರ ಕಿರು ಸನ್ಮಾನದ ಅಳತೆ ಏನೆಂಬುದು ಆ ಬಡಪಾಯಿ ಅತಿಥಿಗೆ ತಿಳಿದಿರಲಿಲ್ಲ. ಪ್ರಾರ್ಥನೆಯಾಯಿತು. ದೀಪ ಹಚ್ಚಲು ಹೋದರೆ ಗಾಳಿಗೆ ಆರಿತು, ಆರಿದ ದೀಪ ಅಪಶಕುನವೆಂದು ಮತ್ತೆ ಹಚ್ಚಿದಿರಿ, ಅದೂ ಆರಿತು, ಕೊನೆಗೆ ಸಮಿತಿಯ ಸದಸ್ಯರೆಲ್ಲ ತಮ್ಮ ಕೋಟುಗಳನ್ನು ಅಡ್ಡ ಹಿಡಿದು ಜ್ಯೋತಿಯನ್ನು ಕಾಪಾಡಿದಿರಿ. ಸ್ವಾಗತ ಭಾಷಣವಾಯಿತು. ನನ್ನ ಯಜಮಾನರು ಅತಿಥಿಗಳ ಪರಿಚಯವನ್ನು ಅವರ ಪ್ರಾಥಮಿಕ ಶಾಲೆಯಿಂದ ಆರಂಭಿಸಿದರು. ನಡುವೆ ತಮಗೆ ಒಂದು ಉದಾತ್ತ ಯೋಚನೆ ಹೊಳೆದು, ಆಟಗಾರರನ್ನೂ ಗೌರವಿಸಬೇಕೆಂದು ನಮ್ಮ ತಂಡವನ್ನು ಪೂರ್ತಿ ವೇದಿಕೆಗೆ ಹತ್ತಿಸಿ, ಸಾಲಾಗಿ ಕೂರಿಸಿ, ಒಬ್ಬೊಬ್ಬರಿಗೂ ಪೇಟ ಕಟ್ಟಿಸಿ ಶಾಲು ಹೊದಿಸಿದಿರಿ. ನನ್ನ ಮಗಳು ಗಗನಾ ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನೈರೋಬಿಯ ಮಗು. ಅವಳು ನನ್ನ ಸೆರಗೆಳೆದು, "ಅಮ್ಮಾ, ಇಟ್ಸ್ ಅ ಫುಟ್‌ಬಾಲ್ ಮ್ಯಾಚ್, ನಾಟ್ ಅ ವೆಡ್ಡಿಂಗ್" ಎಂದಳು.

ಕರೆನ್ ಕಡೆಯ ತಂಡ ಮೈದಾನಕ್ಕಿಳಿದು ಕಾಯುತ್ತಿತ್ತು. ರೆಫರಿ ವೇದಿಕೆಯ ಬಳಿ ಬಂದು ಗಡಿಯಾರ ತೋರಿಸಿದರು. ಹಿಂತಿರುಗಿ, ಮತ್ತೆ ಬಂದು ಇನ್ನೂ ಜೋರಾಗಿ ಗಡಿಯಾರ ತೋರಿಸಿದರು. ಇಂಥ ಸಂದರ್ಭವನ್ನು ಬೇರೆ ಯಾವ ಜನಾಂಗದವರಾದರೂ ಎಚ್ಚರಿಕೆ ಎಂದು ತಿಳಿಯುತ್ತಿದ್ದರು. ನಾವು ಮಾತ್ರ, ಸಭೆಯಲ್ಲಿ ಒಬ್ಬ ಮನುಷ್ಯ ಮುಖ ಊದಿಸಿಕೊಂಡು ವೇದಿಕೆಯ ಸುತ್ತ ಸುಳಿದಾಡುತ್ತಿದ್ದರೆ ಅವನನ್ನು ಸನ್ಮಾನದ ಪಟ್ಟಿಯಿಂದ ಬಿಟ್ಟಿದ್ದೇವೆ ಎಂದು ತಕ್ಷಣ ಅರ್ಥಮಾಡಿಕೊಳ್ಳಬಲ್ಲೆವು. ತಾವು "ಛೆ ಛೆ, ಮರೆತೇಹೋಯ್ತು ನೋಡಿ" ಎನ್ನುತ್ತ ಅವರ ತೋಳು ಹಿಡಿದು ಮೇಲೆ ಕೂರಿಸಿ ಪೇಟ ತೊಡಿಸಿದಿರಿ. ಅವರು ಏಳಲು ನೋಡಿದರು. ವಿನಯವೆಂದು ಭಾವಿಸಿ ತಾವು ಭುಜ ಒತ್ತಿ ಕೂರಿಸಿದಿರಿ.

ಆಗಲೇ ವಲೇರಿಯನ್ ಮಾಸ್ತರರು ಮೆಟ್ಟಿಲ ಬುಡಕ್ಕೆ ಓಡಿ ಬಂದು, "ಸಾರ್, ಮಕ್ಕಳನ್ನು ಬಿಡಿ ಮಾರಾಯ್ರೆ, ಆಟ ಉಂಟು!" ಎಂದು ಕೂಗಿದ್ದು. ತಾವು ಮೈಕಿನಿಂದ ಬಾಯಿ ತೆಗೆಯದೆಯೇ, "ಏನ್ರೀ ವಲೇರಿಯನ್, ಗೆಸ್ಟ್ ಎದುರಿಗೆ ಒಂಚೂರು ಡಿಸಿಪ್ಲಿನ್ ಬೇಡ್ವಾ? ಐದ್ ನಿಮಿಷ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಇಡೀ ಮೈದಾನಕ್ಕೆ ಕೇಳಿಸಿದಿರಿ. ಕೊನೆಗೆ ರೆಫರಿ ಹೇಗೋ ತಪ್ಪಿಸಿಕೊಂಡು ಮೈದಾನದ ನಡುವೆ ನಿಂತು, ತಲೆಯ ಮೇಲೆ ಪೇಟ, ಹೆಗಲ ಮೇಲೆ ಶಾಲು ಇರುವಾಗಲೇ ಸೀಟಿ ಊದಿದರು. ಒಂದು ತಂಡ ಆಟಕ್ಕೆ ಇಳಿಯಲಿಲ್ಲವೆಂದು ಪಂದ್ಯವನ್ನು ಎದುರಾಳಿಗೆ ಕೊಟ್ಟರು. ತಾವು ಚಪ್ಪಾಳೆ ತಟ್ಟಿಸಿ, ವಂದನಾರ್ಪಣೆಗೆ ಮುಂದಿನವರನ್ನು ಕರೆದಿರಿ.

ಇಳಿಜಾರಿನ ಅವಧಿ ಆಡದೆಯೇ ಹೋಯಿತು. ನಾನು ಕಾರಿನಲ್ಲಿ ಕುಳಿತು ಅತ್ತೆ. ವಯಸ್ಸಾದ ಹೆಂಗಸು ಚೆಂಡಾಟಕ್ಕೆ ಅಳುವುದು ನಗುವ ವಿಷಯವಾದರೆ ತಾವು ಈಗ ನಗಬಹುದು, ಪೇಟ ಬೀಳದಂತೆ. ಮಾಸ್ತರರು ಆ ಹುಡುಗರ ತಲೆಯಿಂದ ಪೇಟಗಳನ್ನು ಒಂದೊಂದಾಗಿ ತೆಗೆದು, ನೆಲಕ್ಕೆ ತಾಗದಂತೆ ಮಡಿಸಿ, ಬಾಡಿಗೆಗೆ ತಂದ ಪೆಟ್ಟಿಗೆಗೆ ತುಂಬುತ್ತಿದ್ದರು. ಯಾರ ಮೇಲೂ ರೇಗಲಿಲ್ಲ. ಒಡುವೊರ್‌ನ ಬೆನ್ನು ತಟ್ಟಿ, ಮತ್ತೆ ಆ ಪೋಲೆ ಪೋಲೆ.

ಇಷ್ಟಾದ ಮೇಲೆ ಸಮಿತಿಯು ಸೋಲಿನ ಕಾರಣವನ್ನು ಕೂಲಂಕಷವಾಗಿ ಪರಿಶೀಲಿಸಿ, ತಪ್ಪು ತರಬೇತುದಾರರದೆಂದು ಕಂಡುಹಿಡಿದದ್ದು ಸಂಶೋಧನಾ ಲೋಕದಲ್ಲೇ ಅಪೂರ್ವ ಸಾಧನೆ. ತಂಡವನ್ನು ಸಕಾಲಕ್ಕೆ ಮೈದಾನಕ್ಕಿಳಿಸದಿರುವುದು, ಅತಿಥಿಗಳೆದುರು ಅಗೌರವ ತೋರಿಸುವುದು, ಇವೆರಡೂ ಅವರ ಮೇಲಿನ ಆರೋಪಗಳು. ಎರಡರಲ್ಲಿ ಒಂದನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ಮಾಡಿದರು ಎನ್ನುವುದು ನನ್ನಂಥ ಅಲ್ಪಮತಿಗಳಿಗೆ ಮಾತ್ರ ತೋರುವ ವಿಷಯ. ಅವರ ಜಾಗಕ್ಕೆ ಹೊರದೇಶದ ಒಬ್ಬ ಸಲಹೆಗಾರರು ಬರುತ್ತಾರಂತೆ, ಮಾಸ್ತರರು ಜೆರ್ಸಿಗಳ ಕೋಣೆಯ ಉಸ್ತುವಾರಿ ನೋಡಿಕೊಳ್ಳಬೇಕಂತೆ. ಕಾಲೇಜಿನ ನಿಯಮದಂತೆ, ಈ ಟರ್ಮಿನ ಕೊನೆಯ ದಿನವಾದ ಇಂದು ಕಚೇರಿ ಮುಚ್ಚುವುದರೊಳಗೆ ಸಮಿತಿ ಸಭೆ ಸೇರಿ, ಎಲ್ಲರೂ ಸಹಿ ಮಾಡಿ ನಿರ್ಣಯ ತಲುಪಿಸಬೇಕು, ಇಲ್ಲವಾದರೆ ಹಳೆಯ ತರಬೇತುದಾರರೇ ಇನ್ನೊಂದು ವರ್ಷ ಮುಂದುವರಿಯುತ್ತಾರೆ. ಇಷ್ಟು ಮಹತ್ವದ ಸಭೆಯಿದ್ದ ದಿನವೂ ನಮ್ಮ ಸನ್ಮಾನಕ್ಕೆ ಒಪ್ಪಿಕೊಂಡ ತಮ್ಮ ಔದಾರ್ಯವನ್ನು ಏನೆಂದು ಬಣ್ಣಿಸಲಿ?

ಮಧ್ಯಮ ದರ್ಜೆಯ ತಂಡವೊಂದನ್ನು ಮೇಲೆತ್ತುವುದು ಹೇಗೆಂದು ಅಭಿಮಾನಿಯ ಅಭಿಪ್ರಾಯ ಕೇಳಿದರೆ, ಹೇಳುವುದಕ್ಕೆ ಬಹಳವಿಲ್ಲ. ಕಟ್ಟಿದವರನ್ನು ಕಟ್ಟಲು ಬಿಡಿ. ಬಲೆ ಹರಿದಿದ್ದರೆ ಬಲೆ ತರಿಸಿ. ಬಾಡಿಗೆ ವ್ಯಾನು ಮಟಾಟುವಿನಲ್ಲಿ ನೇತಾಡಿಕೊಂಡು ಪಂದ್ಯಕ್ಕೆ ಹೋಗುವ ಹುಡುಗರಿಗೆ ಕಾಲೇಜಿನ ಬಸ್ಸು ಬಿಟ್ಟುಕೊಡಿ, ಅದು ಉಪಾಹಾರ ಉಪಸಮಿತಿಯ ಇಡ್ಲಿ ಪಾತ್ರೆಗಳನ್ನು ಹೊರುವುದರಲ್ಲಿ ತುಂಬ ದಣಿದಿದೆ. ಇದು ಕಷ್ಟವಾದರೆ ಸಮಿತಿಯ ಶಕ್ತಿಗೆ ತಕ್ಕ ಬೇರೆ ಕೋರಿಕೆಗಳಿವೆ. ಮುಂದಿನ ವರ್ಷದಿಂದ ಎರಡೂ ಅವಧಿಗಳನ್ನು ರದ್ದುಪಡಿಸಿ ಹಾಫ್‌ಟೈಮನ್ನು ಮಾತ್ರ ಆಡಿಸಬೇಕು. ಸಮಿತಿಯ ಪೂರ್ವಾನುಮತಿಯಿಲ್ಲದೆ ಹೊಡೆದ ಎದುರಾಳಿಯ ಗೋಲುಗಳನ್ನು ಪರಿಗಣಿಸಬಾರದು. ಮೈದಾನದ ಇಳಿಜಾರು ಸದಾ ನಮ್ಮ ಕಡೆಗೇ ಇರುವಂತೆ ಙೋಂಗ್ ಬೆಟ್ಟಗಳಿಗೆ ಒಂದು ಮನವಿ ಸಲ್ಲಿಸಬೇಕು. ಚೆಂಡಿಗೂ ಒಂದು ಶಾಲು ಹೊದಿಸಿ ವೇದಿಕೆಯಲ್ಲಿ ಕೂರಿಸಬೇಕು, ಇಷ್ಟು ವರ್ಷ ಒದೆಸಿಕೊಂಡ ಅದಕ್ಕೆ ಯಾರೂ ಒಂದು ಮಾತು ಹೇಳಿಲ್ಲ.

ಕಡೆಯದಾಗಿ ಒಡುವೊರ್ ಕೇಳಿದ ಒಂದು ಪ್ರಶ್ನೆ. ಪಂದ್ಯದ ಮಾರನೆಯ ವಾರ ಅವನು ಪ್ರಯೋಗಾಲಯಕ್ಕೆ ಬಂದು, ಆ ಟೋಪಿ ಹಾಕಿಸಿಕೊಂಡವನು ಭಾಷಣ ಮುಗಿಯುವ ತನಕ ಏಳಬಾರದೆಂಬುದು ನಿಮ್ಮವರಲ್ಲಿ ಕಾನೂನೇ ಎಂದು ಬಹಳ ಗೌರವದಿಂದ ವಿಚಾರಿಸಿದ. ಕಾನೂನಲ್ಲ, ಕಾನೂನಾಗಿದ್ದರೆ ಯಾರಾದರೂ ಮುರಿಯುತ್ತಿದ್ದರು ಎಂದೆ. ಸನ್ಮಾನಕ್ಕೆ ಕರೆದರೆ ಯಾರಾದರೂ ಬೇಡವೆನ್ನುವುದುಂಟೇ ಎಂದ. ನನ್ನ ನೆನಪಿನಲ್ಲಿ ಇಲ್ಲ ಎಂದೆ. ಅವನು "ಅಸಾಂಟೆ, ಮೇಡಂ" ಎಂದು ಧನ್ಯವಾದ ಹೇಳಿ ನಕ್ಕ. ಇಂದಿನ ಸಮಾರಂಭ ತಂಡದವರ ಕಾಣಿಕೆ. ಪೇಟಗಳನ್ನು ಅವರೇ ಅದೇ ಬಾಡಿಗೆ ಅಂಗಡಿಯಿಂದ ತಂದರು, ಭಾಷಣದ ಉಪಸಮಿತಿ ಮಾತ್ರ ನಾನು. ಮಾಸ್ತರರಿಗೆ ಇದರ ಸುಳಿವೂ ಇಲ್ಲ, ತಮ್ಮ ಬೆನ್ನ ಹಿಂದೆ ಇಳಿಜಾರಿನಲ್ಲಿ ಹುಡುಗರನ್ನು ಓಡಿಸುತ್ತಿದ್ದಾರೆ, ತಿರುಗಿ ನೋಡಬೇಡಿ.

ಕೊನೆಯ ಪೇಟ ಇಳಿಯುವ ತನಕ
ತಮ್ಮ ವಿಶ್ವಾಸಿ,
ಶಾಂತಾ ಲಕ್ಷ್ಮೀಶ

ಮರೆತ ಮಾತು: ಈ ಪತ್ರವನ್ನು ನಿನ್ನೆ ಮನೆಯಲ್ಲಿ ಗಗನಾಳ ಎದುರು ಓದಿ ನೋಡಿದ್ದೆ. ಅವಳು ಗಡಿಯಾರ ಹಿಡಿದು ಕುಳಿತು, "ಟೂ ಶಾರ್ಟ್, ಅಮ್ಮಾ. ಆಫೀಸ್ ವಿಲ್ ಸ್ಟಿಲ್ ಬಿ ಓಪನ್. ಆಡ್ ಸಮ್ ಪ್ರೇಸ್" ಎಂದಳು, ಹಾಗಾಗಿ ತಮ್ಮ ಹೊಗಳಿಕೆ ಕೊಂಚ ಬೆಳೆಯಿತು. ಅಗೋ, ಕಾವಲಿನ ಅಸ್ಕಾರಿ ಕಚೇರಿಗೆ ಬೀಗ ಜಡಿದು ಕೀಲಿಕೈ ಬೀಸಿಕೊಂಡು ಗೇಟಿನ ಕಡೆ ಹೊರಟಿದ್ದಾನೆ. ಇನ್ನು ತಾವೆಲ್ಲ ಏಳಬಹುದು.