ಇನ್ನೂರು ದಿನವಾದರೂ ಟೆಂಟ್ ಬಿಚ್ಚದ ಮಾಲೀಕರಿಗೆ

ಶ್ರೀ ಮೈಲಾರಿಯವರಿಗೆ,
ಮಾಲೀಕರು, ಶ್ರೀ ನಗೆಮಲ್ಲಿಗೆ ನಾಟ್ಯ ಸಂಘ,
ಕ್ಯಾಂಪ್: ಚನ್ನಗಿರಿ (ಇನ್ನು ಮುಂದೆ ‘ಕಾಯಂ ವಿಳಾಸ’ ಎಂದೇ ಬರೆಸಬಹುದು)

ಮಾನ್ಯರೇ,

ತಾವು, ತಮ್ಮ ಕಲಾವಿದರು, ಪರದೆ ಎಳೆಯುವವರು, ಗೇಟಿನಲ್ಲಿ ಟಿಕೆಟ್ ಹರಿಯುವವರು ಸಕಲರೂ ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು ಬಂತು, ದಿನಾ ಸಂಜೆ ಆರೂಕಾಲಕ್ಕೆ ತಮ್ಮ ನಾಂದಿ ಪದ್ಯ ನಮ್ಮ ಅಡುಗೆಮನೆ ಕಿಟಕಿಯಿಂದಲೇ ಒಳಗೆ ಬರುವುದರಿಂದ, ಎಲ್ಲರ ಗಂಟಲೂ ನೆಟ್ಟಗಿರುವುದು ನನಗೆ ಖಾತ್ರಿಯಾಗಿಯೇ ಗೊತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಮಿಕ್ಕ ಅಕ್ಷರವನ್ನೆಲ್ಲ ನೆಂಟರಿಗೆ ಕಾಗದ ಬರೆಯುತ್ತಲೇ ಕಲಿತವಳು. ಈ ಬಹಿರಂಗ ಪತ್ರದಲ್ಲಿ ಸಲಿಗೆ ಜಾಸ್ತಿ ಕಂಡರೆ ತಾವೂ ನೆಂಟರೆಂದುಕೊಂಡು ಓದಬೇಕು.

ಮೊದಲಿಗೆ ಅಭಿನಂದನೆ. ‘ಮಾವನ ಮೌನ, ಅಳಿಯನ ಗಾನ’ ಎಂಬ ತಮ್ಮ ಸಂಗೀತಮಯ ಸಾಮಾಜಿಕ ನಾಟಕ ಇನ್ನೂರನೇ ದಿನ ದಾಟಿದೆ. ಮಗಳು ಕುಡುಕನನ್ನು ಕಟ್ಟಿಕೊಂಡಳೆಂದು ಮಾವ ಮಾತು ಬಿಡುವುದು, ಅಳಿಯ ಏಳು ಹಾಡು ಹಾಡಿ, ಕುಡಿತ ಬಿಟ್ಟು, ಕೊನೆಗೆ ಮಾವನ ಬಾಯಿ ತೆರೆಸುವುದು: ಇಷ್ಟೇ ಕಥೆಯನ್ನು ಮೂರು ಗಂಟೆ ಎಳೆದು, ದಿನಕ್ಕೆರಡು ಸಲ ಆಡಿಸಿ, ಆದರೂ ಜನಕ್ಕೆ ಸಾಕೆನಿಸದಂತೆ ಮಾಡಿದ್ದು ಸಣ್ಣ ವಿದ್ಯೆಯಲ್ಲ. ನಮ್ಮೂರಿನ ಒಂದು ಕಚೇರಿಯಲ್ಲಿ, ಹೆಸರು ಬೇಡ, ಗುಮಾಸ್ತರು ತಲೆ ಎತ್ತದಿದ್ದರೆ ಕಾದು ನಿಂತವರು ಒಟ್ಟಾಗಿ ಮೂರನೇ ಹಾಡು ಶುರು ಮಾಡುತ್ತಾರೆ, ಕೆಲಸವೂ ಆಗುತ್ತದೆ. ಇಂಥ ಲೋಕೋಪಕಾರಿ ನಾಟಕವನ್ನು ನಿಲ್ಲಿಸಿರೆಂದು ಬೇಡುವ ಪಾಪದ ಕೆಲಸ ನನ್ನ ಪಾಲಿಗೆ ಬಂದಿದೆ.

ವಿಷಯ ತಮಗೆ ಗೊತ್ತಿದ್ದದ್ದೇ, ಊರಿಗೂ ಗೊತ್ತಾಗಲಿ. ತಮ್ಮ ಆ ಅಳಿಯನ ಪಾತ್ರಧಾರಿ ಸತೀಶ್ ಕುಮಾರ್‌ಗೂ, ಪಶು ಆಸ್ಪತ್ರೆಯಲ್ಲಿ ನೌಕರಿಗಿರುವ ನನ್ನ ತಂಗಿಯ ಮಗಳು ರೂಪಶ್ರೀಗೂ ಕಳೆದ ದೀಪಾವಳಿಯಲ್ಲಿ ಉಂಗುರ ಬದಲಾಯಿಸಿದೆವು. ತಮ್ಮ ಕಂಪನಿಯ ಕಾನೂನು ಏನೆಂದರೆ, ಟೆಂಟ್ ನಿಂತಿರುವವರೆಗೆ ಕಲಾವಿದರಿಗೆ ಮದುವೆ ರಜೆಯಿಲ್ಲ. ಒಂದು ಕ್ಯಾಂಪ್ ಬಿಚ್ಚಿ ಇನ್ನೊಂದು ಕಟ್ಟುವ ನಡುವಿನ ಹತ್ತು ದಿನದಲ್ಲಿ ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಬೇಕು. ಸಂಕ್ರಾಂತಿಗೆ ಬಿಚ್ಚುತ್ತೇವೆ ಎಂದಿರಿ. ಸಂಕ್ರಾಂತಿಗೆ ಟೆಂಟ್ ಬಿಚ್ಚುವ ಬದಲು ಹೊಸ ಬ್ಯಾನರ್ ಕಟ್ಟಿದಿರಿ. ಶಿವರಾತ್ರಿಗೆ ಎಂದಿರಿ, ಅಂದು ಮೂರನೇ ಆಟವನ್ನೂ ಸೇರಿಸಿದಿರಿ. ಯುಗಾದಿಗೆ ನಾವು ಕೇಳಲೇ ಇಲ್ಲ. ಈಗ ವೈಶಾಖ. ಜ್ಯೇಷ್ಠ ಕಳೆದರೆ ಆಷಾಢ, ಆ ತಿಂಗಳು ತಾಳಿ ಕಟ್ಟುವ ಮಾತೇ ಇಲ್ಲ.

ಹೋಗಲಿ, ಒಂದೇ ಒಂದು ದಿನದ ರಜೆ ಕೊಡಿ ಎಂದು ನಾನೇ ಬಂದು ಕೇಳಿದಾಗ, ಹಿಂದೊಮ್ಮೆ ಸತೀಶನಿಗೆ ಜ್ವರ ಬಂದು ಬೇರೊಬ್ಬರನ್ನು ನಿಲ್ಲಿಸಿದ್ದಕ್ಕೆ ಮುಂದಿನ ಸಾಲಿನವರು ಗಲಾಟೆ ಎಬ್ಬಿಸಿದ್ದನ್ನು ತಾವು ನೊಂದು ಹೇಳಿದಿರಿ. ಆ ಸಾಲಿನಲ್ಲಿ ಎದ್ದು ನಿಂತವರು ಹೊನ್ನಾಳಿಯ ನಮ್ಮ ಭಾವ ಪಂಚಾಕ್ಷರಪ್ಪನವರು ಎಂಬುದು ನನಗೆ ಆಮೇಲೆ ತಿಳಿಯಿತು. “ಇವನ್ನ ನೋಡಾಕೆ ಬಂದಿಲ್ಲ ರೀ ನಾವು! ನಮ್ಮ ಹುಡುಗನ್ನ ಕರ್ಕೊಂಡು ಬರ್ರಿ, ಇಲ್ಲಾಂದ್ರೆ ಪರದೆ ಎಳೀರಿ!” ಎಂದರಂತೆ. ಸಭ್ಯಸ್ಥರು. ಅವರ ಪರವಾಗಿ ಕ್ಷಮೆ ಇರಲಿ.

ನನ್ನ ತಂಗಿಯ ಮಗಳು ಮಾತು ಕಡಿಮೆ ಆಡುವವಳು. ಅವಳೂ ಹೋದ ತಿಂಗಳು, “ದೊಡ್ಡಮ್ಮ, ಅವ್ರು ದಿನಕ್ಕೆರಡು ಸಲ ಯಾರದೋ ಅಳಿಯ ಆಗ್ತಾರೆ. ಆಷಾಢದೊಳಗೆ ನಮ್ಮನೆ ಅಳಿಯ ಆಗದಿದ್ರೆ, ನಾನೂ ಟಿಕೆಟ್ ತಗೊಂಡು ಹೋಗಿ ಸ್ಟೇಜಿನ ಮೇಲೇ ಉಂಗುರ ವಾಪಸ್ ಕೊಟ್ಟು ಬರ್ತೀನಿ” ಎಂದಳು. ಕಣ್ಣಲ್ಲಿ ನೀರಿತ್ತು. ಇದನ್ನು ತಮಗೆ ಮುಟ್ಟಿಸಿದಾಗ ತಾವು ಗಡ್ಡ ಕೆರೆದುಕೊಂಡು, “ಒಳ್ಳೆ ಸೀನ್ ಆಗ್ತದೆ ಅಮ್ಮಾರೇ, ಎರಡನೇ ಅಂಕದಾಗೆ ಜಾಗ ಐತೆ” ಎಂದಿರಿ. ತಮ್ಮ ಕಲಾಪ್ರೇಮಕ್ಕೆ ಮತ್ತೊಮ್ಮೆ ನಮಸ್ಕಾರ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿದ್ದವು. ಏಳು ಹಾಡಿನಲ್ಲಿ ನಾಲ್ಕನ್ನಾದರೂ ಕೆಟ್ಟದಾಗಿ ಹಾಡಿಸಬೇಕು. ಸಾಧ್ಯವಾದರೆ ಮಾವ ಮೊದಲ ಅಂಕದಲ್ಲೇ “ಬಾರಪ್ಪಾ, ಊಟ ಮಾಡು” ಎಂದುಬಿಟ್ಟರೆ ನಾಟಕ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ, ಒಂದು ವಾರದಲ್ಲಿ ಜನ ಬರುವುದು ನಿಲ್ಲುತ್ತದೆ. ಅದೂ ಆಗದಿದ್ದರೆ ಎಲ್ಲಾ ಕುರ್ಚಿಗಳನ್ನೂ ರಂಗಕ್ಕೆ ಬೆನ್ನು ಮಾಡಿ ಹಾಕಿಸಬೇಕು, ಎಂದೆಲ್ಲ ಬರೆದುಕೊಂಡು ಮೂರು ವಾರದ ಹಿಂದೆ ಮತ್ತೆ ತಮ್ಮ ಟೆಂಟಿಗೆ ಬಂದಿದ್ದೆ. ಆಗ ತಾವು ನಕ್ಕು ಹೇಳಿದ್ದನ್ನು ಇಲ್ಲಿ ಯಥಾವತ್ತು ಬರೆಯುತ್ತೇನೆ: “ಅಮ್ಮಾರೇ, ನಿಮಗೆ ಇನ್ನೂ ಗೊತ್ತಿಲ್ಲೇನ್ರಿ? ಹೊನ್ನಾಳಿ ಕಡೆಯೋರು, ನ್ಯಾಮತಿ ಕಡೆಯೋರು, ಜಗಳೂರು ಕಡೆಯೋರು, ಗೇಟಿನಾಗೆ ಎಲ್ಲರೂ ಕೇಳೋದು ಒಂದೇ, ಮದುವೆ ಹುಡುಗ ಎಷ್ಟೊತ್ತಿಗೆ ಬರ್ತಾನೆ ಅಂತ. ಈ ನಾಟಕ ಓಡಿಸ್ತಿರೋದು ನಾನಲ್ಲ ರೀ, ನಿಮ್ಮ ಕಾಗದ.”

ಮಾನ್ಯರೇ, ನಾನು ಕೋರಿಕೆಗಳ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಿಜ, ಉಂಗುರ ಬದಲಾದ ಮರುದಿನವೇ ನಾನು ಅರವತ್ತೆರಡು ಅಂಚೆ ಕಾರ್ಡು ಬರೆದಿದ್ದೆ: ‘ನಮ್ಮ ರೂಪಶ್ರೀಗೆ ಗೊತ್ತು ಮಾಡಿದ ಹುಡುಗ ದಿನಾ ಎರಡು ಹೊತ್ತು ಟೆಂಟಿನಲ್ಲಿ ಕಾಣಸಿಗುತ್ತಾನೆ, ಎಲ್ಲರೂ ಬಂದು ನೋಡಿ ಹೋಗತಕ್ಕದ್ದು.’ ನಮ್ಮ ಕಡೆ ಮದುವೆಗೆ ಮುಂಚೆ ಹುಡುಗನನ್ನು ನೋಡದೆ ಬಿಟ್ಟರೆ ಆ ಸಿಟ್ಟು ಮೊಮ್ಮಕ್ಕಳ ನಾಮಕರಣದವರೆಗೂ ಇಳಿಯುವುದಿಲ್ಲ. ಒಂದು ಕಾರ್ಡಿಗೆ ಒಂದು ಟ್ರ್ಯಾಕ್ಸ್ ಗಾಡಿ ತುಂಬ ಜನ ಬಂದರು. ಬಂದವರು ಒಂದೇ ಸಲಕ್ಕೆ ಹೋಗಲೂ ಇಲ್ಲ. ಜಗಳೂರಿನ ನನ್ನ ಚಿಕ್ಕಪ್ಪನ ಮಗಳು ಸಿದ್ದಲಿಂಗಮ್ಮ ಮೊದಲ ದಿನ ನೋಡಿ ಬಂದು, “ಅಕ್ಕಾ, ಹುಡುಗ ಮೊದಲು ಕುಡೀತಾನೆ, ಆಮ್ಯಾಲೆ ಬಿಡ್ತಾನೆ. ಬಿಟ್ಟಿದ್ದು ಖರೇನೋ ಸುಳ್ಳೋ, ನಾಳೆ ಒಂದಿನ ನೋಡಬೇಕು” ಎಂದಳು. ಮರುದಿನ ಹೋಗಿ ಬಂದವಳೇ ತಲೆ ಮೇಲೆ ಕೈ ಹೊತ್ತು, “ಮತ್ತೆ ಕುಡಿದ ಕಣಕ್ಕಾ!” ಎಂದಳು. ಅದು ಪಾತ್ರ ಕಣೇ ಎಂದರೂ ಕೇಳದೆ ಒಂಬತ್ತು ದಿನ ಇದ್ದು ದಿನಕ್ಕೊಂದರಂತೆ ಒಂಬತ್ತು ಆಟ ನೋಡಿದಳು.

ಆದ ತಪ್ಪನ್ನು ತಿದ್ದಲು ಅಂದೇ ಕೂತು ಮತ್ತೆ ಅರವತ್ತೆರಡು ಕಾರ್ಡು ಬರೆದೆ: ‘ಹುಡುಗನನ್ನು ನೋಡಿದ್ದು ಸಾಕು, ಇನ್ನು ಯಾರೂ ಬರಬೇಡಿ.’ ಇಷ್ಟೇ ಬರೆದದ್ದು. ಹುಡುಗನಲ್ಲಿ ಏನೋ ಐಬು ಸಿಕ್ಕಿರಬೇಕು, ನಾನು ಮುಚ್ಚಿಡುತ್ತಿದ್ದೇನೆ ಎಂದು ಅನುಮಾನ ಬಂದು, ನೋಡಿದವರೂ ನೋಡದವರೂ ಪಕ್ಕದ ಮನೆಯವರನ್ನು ಕಟ್ಟಿಕೊಂಡು ಬಂದರು. ತಾವು ಹೆಚ್ಚಿಗೆ ಕುರ್ಚಿ ತರಿಸಿದ್ದು ಆ ವಾರವೇ.

ಕೊನೆಗೆ ಸತೀಶನನ್ನೇ ಕರೆದು, ನೀನಾದರೂ ಒಂದು ದಿನ ಎದ್ದು ಬಾರಪ್ಪಾ ಎಂದೆ. ಅವನು ನನ್ನ ಕಾಲು ಮುಟ್ಟಿ, “ದೊಡ್ಡಮ್ಮ, ರೂಪಾ ಅಂದ್ರೆ ಜೀವ ನನಗೆ. ಆದ್ರೆ ತುಂಬಿದ ಟೆಂಟಿಗೆ ಬೆನ್ನು ತೋರ್ಸಾಕೆ ಆಗಲ್ಲ. ಟೆಂಟ್ ಖಾಲಿ ಇದ್ದ ದಿನ ಹೇಳ್ರಿ, ಮುಖದ ಬಣ್ಣ ತೊಳೀದೆನೇ ಓಡಿ ಬರ್ತೀನಿ” ಎಂದ. ಆ ಹುಡುಗನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ; ದಾರಿ ಹೊಳೆದದ್ದೂ ಆಗಲೇ.

ಜನಪ್ರಿಯ ನಾಟಕ ಎಷ್ಟು ದಿನ ಓಡಬಹುದು ಎಂಬುದಕ್ಕೆ ತಮ್ಮ ಬಳಿ ಉತ್ತರವಿರಲಿಲ್ಲ, ನನ್ನ ಬಳಿ ಈಗ ಇದೆ. ಮುಂದಿನ ತಿಂಗಳ ಎರಡನೇ ಭಾನುವಾರ, ತಮಗೆ ಅತಿ ಹೆಚ್ಚು ಜನ ಬರುವ ದಿನ, ಬೆಳಿಗ್ಗೆ ಮುಹೂರ್ತ, ಸಂಜೆ ಆರಕ್ಕೆ ಆರತಕ್ಷತೆ, ತಮ್ಮ ಎರಡನೇ ಆಟ ಮುಗಿಯುವ ಹೊತ್ತಿನವರೆಗೂ ಊಟ. ಕಲ್ಯಾಣ ಮಂಟಪ ಗೊತ್ತಾಗಿದೆ. ಮೂರನೇ ಸಲದ ಅರವತ್ತೆರಡು ಕಾರ್ಡು ನಿನ್ನೆ ಡಬ್ಬಿಗೆ ಬಿದ್ದಿವೆ. ಅಂದು ತಮ್ಮ ಟೆಂಟಿನ ಅಷ್ಟೂ ಪ್ರೇಕ್ಷಕರು ನನ್ನ ಪಂಕ್ತಿಯಲ್ಲಿ ಎಲೆ ಮುಂದೆ ಕೂತಿರುತ್ತಾರೆ. ತಾವು ಖಾಲಿ ಕುರ್ಚಿಗಳಿಗೆ ನಾಟಕ ಆಡಿಸಬಹುದು, ಇಲ್ಲವೇ ಕಂಪನಿ ಸಮೇತ ಬಂದು ಹೋಳಿಗೆ ಉಣ್ಣಬಹುದು. ತಮ್ಮ ಮಾವನ ಪಾತ್ರದವರೂ ಬರಲಿ. ನಮ್ಮಲ್ಲಿ ಬಡಿಸುವವರು ಕೇಳಿದಾಗ ಬಾಯಿ ಬಿಡದವರಿಗೆ ಎರಡನೇ ಹೋಳಿಗೆ ಇಲ್ಲವೆಂದು ಮೊದಲೇ ತಿಳಿಸಿರಬೇಕು.

ಹುಡುಗಿಯ ಕಡೆಯಿಂದ, ಹಾಗೂ ತಿಳಿಯದೆ ತಮ್ಮ ಕಂಪನಿಯ ಪ್ರಚಾರ ವಿಭಾಗದಿಂದ,

ತಮ್ಮ ವಿಶ್ವಾಸಿ,
ಸರ್ವಮಂಗಳಮ್ಮ, ಚನ್ನಗಿರಿ

ತಾ.ಕ.: ತಮ್ಮ ಹಾರ್ಮೋನಿಯಂ ಮಾಸ್ತರು ಓಬಳೇಶ್ ಅವರಿಗೂ ಇನ್ನೂ ಮದುವೆ ಗೊತ್ತಾಗಿಲ್ಲವಂತೆ. ಕೈ ಚುರುಕು, ನಡತೆ ಒಳ್ಳೆಯದು ಎಂದು ಕೇಳಿದ್ದೇನೆ. ನನ್ನ ಬಳಿ ಇನ್ನೂ ಒಂದು ಕಟ್ಟು ಕಾರ್ಡು ಉಳಿದಿದೆ. ಬರೆಯಲೋ ಬೇಡವೋ, ತಾವೇ ಯೋಚಿಸಿ ತಿಳಿಸತಕ್ಕದ್ದು.