ಸ್ಟೋವಿನ ಮಿಸ್ತ್ರಿ

ಸಾವಕಾರ ಅಡಿವೆಯ್ಯನವರ ಮನೆಯ ಪಂಪಿನ ಸ್ಟೋವಿಗೆ ಅಂದಾನೆಪ್ಪ ಒಂದು ಸಲ ಪಿನ್ನು ಚುಚ್ಚಿದ್ದೇ ತಪ್ಪಾಯಿತು. ಕಟ್ಟಿಕೊಂಡಿದ್ದ ಸ್ಟೋವು ಭರ್ರೆಂದು ಹತ್ತಿಕೊಂಡಿತು. ಸಾವಕಾರರ ಹೆಂಡತಿ ಚಹಾ ಕೊಟ್ಟರು. ಸಾವಕಾರರು ಅಂದಿನಿಂದ ಅವನನ್ನು ಮಿಸ್ತ್ರಿ ಎಂದು ಕರೆಯತೊಡಗಿದರು. ದಾಂಡೇಲಿಯ ಅವರ ಕಟ್ಟಿಗೆ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರು ಹೊಡೆಯುವ ಅಂದಾನೆಪ್ಪನಿಗೆ ಆ ಹೆಸರು ಹಿತವಾಗಿತ್ತು. ಬೇಡ ಎನ್ನಲಿಲ್ಲ. ಅನ್ನಬೇಕಿತ್ತು.

ಒಂದು ದಿನ ಬೆಳಗ್ಗೆ ಸಾವಕಾರರ ಜೀಪು ಅವನು ವಾಸವಿದ್ದ ಸಾಲುಮನೆಗಳ ಚಾಳಿನ ಮುಂದೆ ಬಂದು ನಿಂತಿತು. ಹಿಂದಿನಿಂದ ಪಾವ್ಲು ಇಳಿದ. ಜೋಯಿಡಾ ಕಡೆಯ ಅಡವಿಯಲ್ಲಿ ಸಾವಕಾರರ ಮರ ಕಡಿಯುವ ಆಳುಗಳಿಗೆಲ್ಲ ಅವನೇ ಮುಂದಾಳು. ಅವನ ಕೈಯಲ್ಲಿ ಹೊಸ ಮಶೀನು, ಪೆಟ್ರೋಲು ಕುಡಿದು, ಹಲ್ಲಿನ ಸರಪಳಿ ತಿರುಗಿಸಿ ಮರ ಕೊಯ್ಯುವಂಥದು. ಆಗಿನ್ನೂ ಆ ಸೀಮೆಗೇ ಅದು ಹೊಸತು, ಸಾವಕಾರರು ಮುಂಬಯಿಯಿಂದ ತರಿಸಿದ್ದರು. ಈಗ ಅದು ಹೊಟ್ಟೆ ಕೆಟ್ಟ ಕೂಸಿನ ಹಾಗೆ ಕುಡಿದಷ್ಟನ್ನೂ ಕಕ್ಕುತ್ತಿತ್ತು.

"ಕಾರ್ಬುರೇಟರ್ ತುಂಬಿ ಚೆಲ್ಲಾಕತ್ತೈತಿ, ಮಿಸ್ತ್ರಿ," ಎಂದರು ಸಾವಕಾರರು ಜೀಪಿನಿಂದ ಇಳಿಯದೆಯೇ. "ಸಂಜಿಕ ಬರ್ತೇನಿ, ಅಷ್ಟರಾಗ ಛಲೋ ಮಾಡಿಡು. ಆಗಲಿಲ್ಲಂದ್ರ ಕೈಗರಗಸದ ಆಳು ಇನ್ನೊಂದಿಷ್ಟು ಕಳಸಬೇಕಾಗ್ತೈತಿ. ಅವರ ಮ್ಯಾಲೆ ನಿಗಾ ಇಡಾಕ ಅಡವಿಗೆ ನೀನ ಹೋಗಬೇಕು ನೋಡು."

ಅಡವಿ ಎಂದರೆ ಅಂದಾನೆಪ್ಪನಿಗೆ ಭಯ. ಅವನು ನವಲಗುಂದದ ಬಯಲಿನಲ್ಲಿ ಹುಟ್ಟಿ ಬೆಳೆದವನು, ಎತ್ತಿಗಿಂತ ದೊಡ್ಡ ಪ್ರಾಣಿಯ ಸಹವಾಸ ಮಾಡಿದವನಲ್ಲ. ಹೋದ ವರ್ಷ ನಿಗಾ ಇಡಲು ಹೋಗಿದ್ದ ಸಾತಪ್ಪ ಕರಡಿಯ ಕೈಗೆ ಸಿಕ್ಕು, ಅರ್ಧ ಕಿವಿ ಅಲ್ಲೇ ಬಿಟ್ಟು ಬಂದಿದ್ದ.

ಜೀಪು ಹೋದ ಮೇಲೆ ಅಂದಾನೆಪ್ಪ ಮೆಲ್ಲಗೆ ಕೇಳಿದ. "ಪಾವ್ಲು, ಆ ಕರಡಿ ಇನ್ನೂ ಅಲ್ಲೇ ಐತೇನು?"

"ಮತ್ತೆಲ್ಲಿ ಹೋಗ್ತೈತ್ರಿ? ಈಗ ಅದಕ್ಕ ಮರಿನೂ ಅದಾವ," ಎಂದ ಪಾವ್ಲು, ನೆಂಟರ ಕ್ಷೇಮಸಮಾಚಾರ ಹೇಳುವವನ ಹಾಗೆ.

ಮಶೀನನ್ನು ಕಟ್ಟೆಯ ಮೇಲಿಟ್ಟದ್ದೇ ತಡ, ಪೆಟ್ರೋಲಿನ ವಾಸನೆ ಚಾಳಿನ ಉದ್ದಕ್ಕೂ ಹಬ್ಬಿತು. ಒಳಗೆ ಹೆಂಡತಿ ಕಾಶೆವ್ವ ರೊಟ್ಟಿ ಬಡಿಯುತ್ತಿದ್ದಳು, ಒಲೆ ಧಗಧಗ ಉರಿಯುತ್ತಿತ್ತು. ಅಂದಾನೆಪ್ಪ ಒಳಗೆ ಓಡಿದ. ಕೊಡ ಎತ್ತಿ ನೀರನ್ನೆಲ್ಲ ಒಲೆಗೆ ಸುರಿದ. ಅಷ್ಟಕ್ಕೂ ಸಮಾಧಾನವಾಗದೆ ಚಾಳಿನ ಮನೆಮನೆಗೂ ಓಡಿದ.

"ಒಲಿ ಆರಸ್ರಿ! ಸ್ಟೋವ್ ಆರಸ್ರಿ! ಒಂದು ಕಿಡಿ ಹಾರಿದ್ರ ಒಬ್ಬರೂ ಉಳಿಯೂದಿಲ್ಲ!"

ಒಲೆ ಆರಿದ ಮೇಲೆ ಯಾರಿಗೇನು ಕೆಲಸ? ಎಲ್ಲರೂ ಬಂದು ಅವನ ಕಟ್ಟೆಯ ಸುತ್ತ ಸೇರಿದರು. ಪಕ್ಕದ ಮನೆಯ ಗೋದುಬಾಯಿ ಅಕ್ಕಿಯ ಮೊರ ತಂದು ಕಲ್ಲು ಆರಿಸುತ್ತ ಕುಳಿತಳು. ಲಾರಿ ಓಡಿಸುವ ರಾಜೇಸಾಬ ಬಾಯಲ್ಲಿ ಬೀಡಿ ಇಟ್ಟು, ಹಚ್ಚಲಾಗದೆ ಮುಖ ಗಂಟು ಹಾಕಿಕೊಂಡು ನಿಂತ.

"ಪಿನ್ ಚುಚ್ಚಿದ್ರ ಆತಲ್ಲೋ ಅಣ್ಣಾ, ಸ್ಟೋವಿಗೆ ಚುಚ್ಚೂವಂಗ," ಎಂದಳು ಗೋದುಬಾಯಿ.

ಅಂದಾನೆಪ್ಪನಿಗೂ ಬೇರೇನು ಗೊತ್ತಿತ್ತು? ಮನೆಯ ಸ್ಟೋವಿನ ಪಿನ್ನನ್ನೇ ತಂದು, ಕಂಡ ತೂತಿಗೆಲ್ಲ ಚುಚ್ಚತೊಡಗಿದ.

"ಏನ್ರೀ," ಎಂದಳು ಕಾಶೆವ್ವ, "ಸ್ಟೋವಿಗೆ ಎಣ್ಣಿ ಬರದಿದ್ದಾಗ ಪಿನ್ ಚುಚ್ತಾರ. ಇದಕ್ಕ ಬ್ಯಾಡಂದ್ರೂ ಬರಾಕತ್ತೈತಿ."

"ನಿನಗೇನು ತಿಳೀತೈತಿ ಮಶೀನಿಂದು? ಸುಮ್ನಿರು!"

ಪೆಟ್ರೋಲು ಮೊದಲಿನ ಎರಡರಷ್ಟು ಸುರಿಯಿತು. ಅದು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹರಿಯುವುದನ್ನು ಅಂದಾನೆಪ್ಪ ನೋಡುತ್ತ ನಿಂತ. ಸಾತಪ್ಪನ ಕಿವಿ ಕಣ್ಣ ಮುಂದೆ ಬಂತು. ಅರಿವಿಲ್ಲದೆ ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡ.

"ಬಿಚ್ಚೋ ಮಾರಾಯಾ ಅದನ್ನ," ಎಂದ ರಾಜೇಸಾಬ. "ನಂದು ಡೀಸೆಲ್ ಗಾಡಿ, ಆದ್ರೂ ಹೇಳ್ತೇನಿ. ಇದರ ಒಳಗ ಒಂದು ಸೂಜಿ ಇರ್ತೈತಿ. ಅದ ಪೆಟ್ರೋಲಿಗೆ ಬಾಗಲಾ. ಬಾಗಲಾ ಮುಚ್ಚವಲ್ದು, ಅದಕ್ಕ ಚೆಲ್ಲತೈತಿ."

ಅಂದಾನೆಪ್ಪ ಸ್ಕ್ರೂ ಬಿಚ್ಚಿದ. ಮುಚ್ಚಳ ಎತ್ತಿದನೋ ಇಲ್ಲವೋ, ಸಣ್ಣ ಸ್ಪ್ರಿಂಗೊಂದು ಟಣ್ಣನೆ ಎಗರಿ ಅವನ ಮೂಗಿಗೆ ಬಡಿದು ತೊಡೆಯ ಮೇಲೆ ಬಿತ್ತು. ಅದರ ಜೊತೆಗೇ ಹಾರಿದ ಸೂಜಿ ಎಲ್ಲಿ ಹೋಯಿತೋ ಯಾರಿಗೂ ಕಾಣಲಿಲ್ಲ.

ಇಡೀ ಚಾಳು ಅಂಗಳದಲ್ಲಿ ಮಂಡಿಯೂರಿ ಹುಡುಕಿತು. ಕಾಶೆವ್ವ ಸೀರೆ ಕೊಡವಿದಳು, ರಾಜೇಸಾಬ ಚಪ್ಪಲಿ ಕೊಡವಿದ, ಪಾವ್ಲು ಮಣ್ಣನ್ನೆಲ್ಲ ಜರಡಿ ಹಿಡಿದ. ಅಷ್ಟರಲ್ಲಿ ಪೇಪರ್ ಮಿಲ್ಲಿನ ಭೋಂಗಾ ಕೂಗಿತು. ಪಾಳಿ ಮುಗಿಸಿದ ಗಂಡಸರು ಹಸಿದು ಬಂದು ನೋಡಿದರೆ ಯಾರ ಮನೆಯಲ್ಲೂ ಒಲೆ ಇಲ್ಲ, ರೊಟ್ಟಿ ಇಲ್ಲ, ಹೆಂಡಂದಿರು ನೆಲದ ಮೇಲೆ ಏನೋ ತಡಕುತ್ತಿದ್ದಾರೆ.

"ಯಾವನಂವ ಒಲಿ ಆರಿಸಿದಂವ?" ಎಂದು ಒಬ್ಬ ಅಂಗಿಯ ತೋಳು ಮಡಚಿದ.

ಅಂದಾನೆಪ್ಪ ಗೋದುಬಾಯಿಯ ಬೆನ್ನ ಹಿಂದೆ ಅಡಗಿದ. ಅತ್ತ ಕರಡಿ, ಇತ್ತ ಇವರು. ಕರಡಿಯಾದರೂ ಒಂದೇ ಇತ್ತು. ಅಡಗಿದಲ್ಲಿಂದಲೇ ಅವನ ಕಣ್ಣು ಗೋದುಬಾಯಿ ಆರಿಸಿ ಎಸೆದ ಕಲ್ಲುಗಳ ಮೇಲೆ ಬಿತ್ತು. ಕಲ್ಲುಗಳ ನಡುವೆ ಏನೋ ಮಿಂಚುತ್ತಿತ್ತು.

"ಗೋದಕ್ಕಾ! ಇದು... ಇದು ಎಲ್ಲಿತ್ತು?"

"ಅಕ್ಕ್ಯಾಗಿತ್ತಪ್ಪಾ. ರೇಷನ್ ಅಂಗಡ್ಯಾಗ ಏನೇನು ಬೆರಸ್ತಾರೋ ಅಂತ ತಗದು ಒಗದೆ." ಗೋದುಬಾಯಿ ಸೂಜಿಯನ್ನು ಎತ್ತಿ ನೋಡಿ ಮೂಗು ಮುರಿದಳು. "ಏನು ಹೊಲಸು ಹತ್ತೈತಿ, ಕಟ್ಟಿಗಿ ಹೊಟ್ಟು!" ಎಂದು ಸೆರಗಿನಲ್ಲಿ ಬೆಂಡೋಲೆ ಉಜ್ಜುವ ಹಾಗೆ ತಿಕ್ಕಿ ತಿಕ್ಕಿ ಕೊಟ್ಟಳು.

ಸೂಜಿ, ಸ್ಪ್ರಿಂಗು ಒಳಗಿಟ್ಟು ಮುಚ್ಚಳ ಹಾಕಿದರು. ಹೊಟ್ಟು ಹೋದ ಮೇಲೆ ಬಾಗಿಲು ಮುಚ್ಚಿಕೊಂಡಿತು, ಪೆಟ್ರೋಲು ಚೆಲ್ಲುವುದು ನಿಂತಿತು. ಪೆಟ್ರೋಲಿನಲ್ಲಿ ತೊಯ್ದ ಸ್ಪಾರ್ಕ್ ಪ್ಲಗ್ಗನ್ನು ಕಾಶೆವ್ವ ಸಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ ಒಣಗಿಸಿ ತಂದಳು. ಕೊನೆಗೆ ನೋಡಿದರೆ ಒಂದು ಸ್ಕ್ರೂ ಉಳಿದಿತ್ತು.

"ಮಿಸ್ತ್ರಿ, ಇದು ಉಳೀತಲ್ರಿ," ಎಂದ ಪಾವ್ಲು.

ಮತ್ತೆ ಬಿಚ್ಚುವುದು ಅಂದಾನೆಪ್ಪನಿಗೆ ಬೇಡವಾಗಿತ್ತು. "ಅದು... ಜಾಸ್ತಿಂದು," ಎಂದು ಕಿಸೆಗೆ ಹಾಕಿಕೊಂಡ.

ಪಾವ್ಲು ಮಶೀನಿನ ಹಗ್ಗ ಜಗ್ಗಿದ. ಒಮ್ಮೆ ಕೆಮ್ಮಿತು. ಮತ್ತೆ ಜಗ್ಗಿದ. ಮಶೀನು ಹೂಂಕರಿಸಿದ್ದೇ ತಡ ಗೋದುಬಾಯಿಯ ಮೊರ ಹಾರಿತು, ಅಂದಾನೆಪ್ಪ ಕಟ್ಟೆಯಿಂದ ಕೆಳಗೆ ಬಿದ್ದ. ಹಸಿದ ಗಂಡಸರೂ ಸಿಟ್ಟು ಮರೆತು ಚಪ್ಪಾಳೆ ತಟ್ಟಿದರು. ಬಿದ್ದಲ್ಲೇ ಕುಳಿತು ಅಂದಾನೆಪ್ಪ ಎರಡೂ ಕಿವಿ ಮುಟ್ಟಿಕೊಂಡ. ಇನ್ನು ಅಡವಿಯ ಹಂಗಿಲ್ಲ. ಅವನಿಗೆ ಅಳುವಷ್ಟು ಸಂತೋಷವಾಯಿತು.

ಅದೇ ಹೊತ್ತಿಗೆ ಜೀಪು ಬಂತು. ಸಾವಕಾರರು ಸಪ್ಪಳ ಕೇಳಿ ಇಳಿದೇ ಬಂದರು, ಬೆನ್ನು ತಟ್ಟಿದರು. "ಭೇಷ್ ಮಿಸ್ತ್ರಿ! ಇಂಥಾ ಮಶೀನಿಗೆ ಇಂಥಾ ಮಿಸ್ತ್ರಿ ಬಾಜೂಕ ಇರಬೇಕು. ಜೀಪು ಹತ್ತು, ಮಳಿಗಾಲ ಬರೂತನಕ ಪಾವ್ಲು ಜೋಡಿ ಅಡವ್ಯಾಗ ಇರು."

"ಸಾವಕಾರ್ರ, ನಾ ಅಲ್ರಿ! ಛಲೋ ಮಾಡಿದವರು ಗೋದುಬಾಯಾರ್ರಿ! ದೇವರಾಣಿ!"

ಸಾವಕಾರರು ಹೊಟ್ಟೆ ಹಿಡಿದು ನಕ್ಕರು. ಚಾಳೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಗೋದುಬಾಯಿ ನಕ್ಕಳು.

"ಕಾಶಿ, ದಾರಿಗೆ ರೊಟ್ಟಿನಾದ್ರೂ ಕಟ್ಟಿಕೊಡು," ಎಂದ ಅಂದಾನೆಪ್ಪ ಸೋತ ದನಿಯಲ್ಲಿ.

"ಯಾವ ರೊಟ್ಟಿ? ಒಲಿಗೆ ಕೊಡ ನೀರು ಸುರದವರು ಯಾರು?"

ಜೀಪು ಕಾಳಿ ನದಿಯ ಸೇತುವೆ ದಾಟಿತು. ಎರಡೂ ಬದಿಗೆ ಮರಗಳು ಒತ್ತಿಕೊಂಡು ಬಂದವು. ಹಿಂದೆ ಮಶೀನನ್ನು ಕಾಲ ಸಂದಿಯಲ್ಲಿ ಹಿಡಿದು ಕುಳಿತಿದ್ದ ಅಂದಾನೆಪ್ಪನ ಹಲ್ಲು ಕಟಕಟ ಎನ್ನುತ್ತಿದ್ದವು.

"ಹೆದರಬ್ಯಾಡ್ರಿ ಮಿಸ್ತ್ರಿ," ಎಂದ ಪಾವ್ಲು. "ಈ ಮಶೀನಿನ ಸಪ್ಪಳ ಇರೂತನಕ ಯಾವ ಕರಡಿನೂ ಹತ್ರ ಸುಳಿಯೂದಿಲ್ಲ."

ಆ ದಿನದಲ್ಲಿ ಮೊದಲ ಸಲ ಅಂದಾನೆಪ್ಪನಿಗೆ ಜೀವ ಬಂದಂತಾಯಿತು. ಒಂದು ಅಡಿಕೆ ಚೂರಾದರೂ ಸಿಕ್ಕೀತೆಂದು ಕಿಸೆಗೆ ಕೈ ಹಾಕಿದ. ಬೆರಳಿಗೆ ಸಿಕ್ಕಿದ್ದು ಆ ಸ್ಕ್ರೂ. ಜೀಪು ದಡಬಡ ಎಂದು ತಗ್ಗಿಗೆ ಇಳಿಯಿತು, ಅವನ ಪಾದ ತಣ್ಣಗೆ ತೊಯ್ಯತೊಡಗಿತು. ಬಗ್ಗಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು.